ಮೂರು ಸ್ಪೈಕ್ ಗಾರ್ಡ್, ಎರಡು ಮಳೆ: ತೋಟದ ಮನೆಯೊಂದರ ಪ್ರಕರಣ ಅಧ್ಯಯನ

ತೀರ್ಥಹಳ್ಳಿ, ಕೊಪ್ಪ ಕಡೆಯ ಅಡಿಕೆ ತೋಟದ ನಡುವಿನ ಮನೆ. ಟಿಸಿ (ಟ್ರಾನ್ಸ್‌ಫಾರ್ಮರ್) ಇರುವುದು ಸುಮಾರು 600 ಮೀಟರ್ ದೂರದಲ್ಲಿ. ಅಲ್ಲಿಂದ ಬರಿ ತಂತಿಯ ಲೈನು ತೋಟ, ಗುಡ್ಡ ದಾಟಿ ಬಂದು ಕೊನೆಯ ಕಂಬದಲ್ಲಿ ನಿಲ್ಲುತ್ತದೆ. ಆ ಕಂಬದಿಂದ ಮನೆಗೆ 35 ಮೀಟರ್ ಸರ್ವೀಸ್ ವೈರು. ಮನೆಗೆ ಸಿಂಗಲ್ ಫೇಸ್. ಮೀಟರ್ ಬೋರ್ಡು ಜಗಲಿಯಲ್ಲಿದೆ, ಅರ್ಥ್ ಗುಂಡಿ ಅಂಗಳದ ಮೂಲೆಯ ಜಂಬಿಟ್ಟಿಗೆ ನೆಲದಲ್ಲಿ. ಮನೆಯಲ್ಲಿ ವೋಲ್ಟೇಜಿನ ಹಠಾತ್ ಏರಿಕೆ ತಡೆಯಲೆಂದು ಹಾಕಿದ ಮೂರು ಸ್ಪೈಕ್ ಗಾರ್ಡ್‌ಗಳಿದ್ದವು: ಇಂಟರ್ನೆಟ್ ಪೆಟ್ಟಿಗೆಗೆ ಒಂದು, ಟಿವಿಗೆ ಒಂದು, ಕಂಪ್ಯೂಟರಿಗೆ ಒಂದು. ಫ್ರಿಜ್‌ಗೆ ಬೇರೆ ಸ್ಟೆಬಿಲೈಸರ್.

ಭರಣಿ ಮಳೆಯ ಒಂದು ಸಂಜೆ ಹತ್ತಿರದಲ್ಲೆಲ್ಲೋ ಸಿಡಿಲು ಬಿತ್ತು. ಮನೆಗೆ ಬಡಿಯಲಿಲ್ಲ, ಕಂಬಕ್ಕೂ ಬಡಿದ ಗುರುತಿರಲಿಲ್ಲ. ಆದರೂ ಇಂಟರ್ನೆಟ್ ಪೆಟ್ಟಿಗೆ, ಅದರ ಅಡಾಪ್ಟರ್, ಸೆಟ್‌ಟಾಪ್ ಬಾಕ್ಸ್, ಟಿವಿ ಸತ್ತವು. ಕಂಪ್ಯೂಟರ್ ಆನ್ ಆಯಿತು, ಅದರ ನೆಟ್‌ವರ್ಕ್ ಪೋರ್ಟ್ ಮಾತ್ರ ಸತ್ತಿತ್ತು. ಫ್ರಿಜ್‌ಗೆ ಏನೂ ಆಗಲಿಲ್ಲ. ಮನೆಯವರು ಮೊದಲು ಕೇಳಿದ ಪ್ರಶ್ನೆ ಇಂಥ ಎಲ್ಲ ಮನೆಗಳಲ್ಲೂ ಕೇಳುವ ಪ್ರಶ್ನೆಯೇ: "ಸ್ಪೈಕ್ ಗಾರ್ಡಿನ ಕೆಂಪು ದೀಪ ಉರೀತಾನೇ ಇತ್ತಲ್ಲ, ಮತ್ತೆ ಹೇಗೆ ಹೋಯ್ತು?"

ಉತ್ತರಕ್ಕಾಗಿ ಮೂರನ್ನೂ ಬಿಚ್ಚಬೇಕಾಯಿತು.

ಬಿಚ್ಚಿದಾಗ ಕಂಡದ್ದು

ಇಂಟರ್ನೆಟ್ ಪೆಟ್ಟಿಗೆಯ ಬೋರ್ಡಿನ ಮೇಲೆ "ಸ್ಪೈಕ್ ಗಾರ್ಡ್" ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಒಳಗೆ ಒಂದು ಸ್ವಿಚ್ಚು, ಉದ್ದಕ್ಕೂ ಮೂರು ಲೋಹದ ಪಟ್ಟಿ, ಒಂದು ಸಣ್ಣ ನಿಯಾನ್ ದೀಪ, ಅದಕ್ಕೊಂದು ರೆಸಿಸ್ಟರ್. ಇಷ್ಟೇ. ಸರ್ಜ್, ಅಂದರೆ ಕ್ಷಣಮಾತ್ರ ನುಗ್ಗುವ ವಿಪರೀತ ವೋಲ್ಟೇಜ್, ಅದನ್ನು ತಡೆಯುವ ಭಾಗ ಒಂದೂ ಇಲ್ಲ. ಪಟ್ಟಿಗೆ ಅಯಸ್ಕಾಂತ ಹಿಡಿದರೆ ಅಂಟಿಕೊಂಡಿತು, ಅಂದರೆ ಹಿತ್ತಾಳೆಯಲ್ಲ, ಕಬ್ಬಿಣ. ಇದು ಎಕ್ಸ್‌ಟೆನ್ಷನ್ ಬೋರ್ಡ್, ಅದರಲ್ಲೂ ಕಳಪೆಯದು. ಆ ನಿಯಾನ್ ದೀಪ ಹೇಳುವುದು "ಕರೆಂಟ್ ಇದೆ" ಎಂದು ಮಾತ್ರ. ರಕ್ಷಣೆ ಇದೆಯೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಟಿವಿಯ ಬೋರ್ಡಿನಲ್ಲಿ ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಒಂದು ನೀಲಿ ಬಿಲ್ಲೆ ಬೆಸುಗೆಯಾಗಿತ್ತು. ಮೇಲೆ 10ಡಿ471ಕೆ ಎಂಬ ಗುರುತು. ಇದೇ ಎಂಒವಿ, ಸತುವಿನ ಆಕ್ಸೈಡಿನ ಹರಳುಗಳನ್ನು ಒತ್ತಿ ಸುಟ್ಟು ಮಾಡಿದ ಬಿಲ್ಲೆ. ಮಾಮೂಲಿ ವೋಲ್ಟೇಜಿನಲ್ಲಿ ಕರೆಂಟ್ ಹರಿಯಗೊಡುವುದಿಲ್ಲ. ಒಂದು ಮಟ್ಟ ದಾಟಿದ ಕೂಡಲೆ ಬಾಗಿಲು ತೆರೆದಂತೆ ಹರಿಯಬಿಟ್ಟು ವೋಲ್ಟೇಜನ್ನು ಅಲ್ಲೇ ಹಿಡಿಯುತ್ತದೆ. ಗುರುತನ್ನು ಓದುವ ರೀತಿ ಹೀಗೆ: 10 ಎಂದರೆ ಬಿಲ್ಲೆಯ ಅಗಲ 10 ಮಿಲಿಮೀಟರ್. 471 ಎಂದರೆ 47ರ ಮುಂದೆ ಒಂದು ಸೊನ್ನೆ, ಅಂದರೆ 1 ಮಿಲಿಆಂಪಿಯರ್ ಹರಿಯುವಾಗ 470 ವೋಲ್ಟ್. ಕೆ ಎಂದರೆ ಶೇ 10ರಷ್ಟು ಹೆಚ್ಚು ಕಡಿಮೆ ಇರಬಹುದು. ನಿರಂತರವಾಗಿ ತಾಳುವುದು 300 ವೋಲ್ಟ್ ಎಸಿ.

ಕಂಪ್ಯೂಟರಿನದು ಕೈಗೆತ್ತಿಕೊಂಡಾಗಲೇ ತೂಕ ಗೊತ್ತಾಗುತ್ತಿತ್ತು. ಒಳಗೆ 20ಡಿ471ಕೆ ಬಿಲ್ಲೆಗಳು ಮೂರು: ಫೇಸ್–ನ್ಯೂಟ್ರಲ್ ನಡುವೆ ಒಂದು, ಫೇಸ್–ಅರ್ಥ್ ನಡುವೆ ಒಂದು, ನ್ಯೂಟ್ರಲ್–ಅರ್ಥ್ ನಡುವೆ ಒಂದು. ಬಿಲ್ಲೆಗಳಿಗೆ ಒತ್ತಿಕೊಂಡಂತೆ ಥರ್ಮಲ್ ಫ್ಯೂಸ್ (ಬಿಸಿಯಾದರೆ ಕಡಿಯುವ ಫ್ಯೂಸ್) ಇಟ್ಟು, ಎಲ್ಲವನ್ನೂ ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆಯೊಳಗೆ ಕೂರಿಸಿದ್ದರು. "ಪ್ರೊಟೆಕ್ಟೆಡ್" ಎಂಬ ಹಸಿರು ದೀಪದ ತಂತಿಯನ್ನು ಆ ಫ್ಯೂಸಿನ ಆಚೆ ಕಡೆಯಿಂದ ಎಳೆದಿದ್ದರು. ಫ್ಯೂಸ್ ಕಡಿದರೆ ದೀಪವೂ ಆರುತ್ತದೆ.

ಇಲ್ಲಿ ಅಂಗಡಿಯಲ್ಲಿ ಆಗುವ ಒಂದು ಮೋಸ ಹೇಳಬೇಕು. 10, 14, 20 ಮಿಲಿಮೀಟರ್, ಈ ಮೂರೂ ಅಳತೆಯ 471 ಬಿಲ್ಲೆಗಳ ಡೇಟಾಶೀಟಿನಲ್ಲಿ ಹಿಡಿತದ ವೋಲ್ಟೇಜ್ 775 ಎಂದೇ ಇರುತ್ತದೆ. ಹಾಗಾಗಿ ಎಲ್ಲವೂ ಒಂದೇ ಎನ್ನುತ್ತಾರೆ. ಆದರೆ ಆ 775ನ್ನು ಅಳೆಯುವುದು 10 ಮಿಲಿಮೀಟರಿನದಕ್ಕೆ 25 ಆಂಪಿಯರಿನಲ್ಲಿ, 14ರದಕ್ಕೆ 50ರಲ್ಲಿ, 20ರದಕ್ಕೆ 100ರಲ್ಲಿ. ಸರ್ಜ್ ಬಂದಾಗ ಹರಿಯುವುದು ನೂರಾರು, ಕೆಲವೊಮ್ಮೆ ಸಾವಿರಾರು ಆಂಪಿಯರ್. ಆಗ ಸಣ್ಣ ಬಿಲ್ಲೆಯ ಮೇಲಿನ ವೋಲ್ಟೇಜ್ ದೊಡ್ಡದಕ್ಕಿಂತ ಎಷ್ಟೋ ಮೇಲೆ ಹೋಗಿರುತ್ತದೆ. ಸಾಮಾನ್ಯ ದರ್ಜೆಯ ಬಿಲ್ಲೆಗಳು ಒಂದೇ ಒಂದು ಸಲಕ್ಕೆ ತಾಳುವ ಗರಿಷ್ಠ ಕರೆಂಟು ಸರಿಸುಮಾರು 2500, 4500, 6500 ಆಂಪಿಯರ್, ಅದೂ 8 ಮೈಕ್ರೊಸೆಕೆಂಡಿನಲ್ಲಿ ಏರಿ 20ರ ಹೊತ್ತಿಗೆ ಅರ್ಧಕ್ಕಿಳಿಯುವ ಅಲೆಗೆ. ಪೆಟ್ಟಿಗೆಯ ಮೇಲಿನ ಜೂಲ್ ಲೆಕ್ಕವನ್ನು (ಬಿಲ್ಲೆ ನುಂಗಬಲ್ಲ ಶಕ್ತಿಯ ಅಳತೆಯನ್ನು) ನೆಚ್ಚುವುದೂ ಬೇಡ. ಮೂರು ಬಿಲ್ಲೆಯ ಜೂಲನ್ನು ಕೂಡಿ ಒಂದೇ ದೊಡ್ಡ ಅಂಕಿ ಬರೆಯುವುದು ರೂಢಿಯಾಗಿದೆ. ಫೇಸ್–ನ್ಯೂಟ್ರಲ್ ನಡುವೆ ಬಂದ ಸರ್ಜಿಗೆ ಎದುರಾಗುವುದು ಮುಖ್ಯವಾಗಿ ಅಲ್ಲಿನ ಒಂದೇ ಬಿಲ್ಲೆ.

ಬಿಲ್ಲೆ ಗಟ್ಟಿ, ಟಿವಿ ಸತ್ತಿತ್ತು

ಟಿವಿ ಬೋರ್ಡಿನ ಸಣ್ಣ ಬಿಲ್ಲೆಯನ್ನು ಬಿಡಿಸಿ, ಡಿಸಿ ಮೂಲದಿಂದ 1 ಮಿಲಿಆಂಪಿಯರ್ ಹರಿಸಿ ಅಳೆದಾಗ 468 ವೋಲ್ಟ್ ತೋರಿಸಿತು. ಅಂದರೆ ಹೊಸದರಷ್ಟೇ ಚೆನ್ನಾಗಿತ್ತು. (ಮಾಮೂಲಿ ಮಲ್ಟಿಮೀಟರಿನ ಓಮ್ ಬದಿಯಲ್ಲಿ ಇದು ಗೊತ್ತಾಗುವುದಿಲ್ಲ. ಪೂರ್ತಿ ಶಾರ್ಟ್ ಆಗಿದ್ದರೆ ಮಾತ್ರ ತಿಳಿಯುತ್ತದೆ.) ಹಾಗಿದ್ದರೆ ಟಿವಿ ಹೇಗೆ ಹೋಯಿತು?

ಟಿವಿಯ ಪವರ್ ಸಪ್ಲೈ ಕೂಡ ಸರಿಯಾಗಿತ್ತು. ಸುಟ್ಟದ್ದು ಮೇನ್ ಬೋರ್ಡಿನ ಎಚ್‌ಡಿಎಂಐ ಪೋರ್ಟಿನ ಹಿಂದಿನ ಚಿಪ್ಪು. ಎದುರಿನ ಸೆಟ್‌ಟಾಪ್ ಬಾಕ್ಸಿನಲ್ಲಿ ಡಿಶ್ ಕೇಬಲ್ ಕೂರುವ ಜಾಗದ ತಾಮ್ರದ ಗೆರೆ ಆವಿಯಾಗಿ ಕಪ್ಪು ನೆರಳು ಉಳಿದಿತ್ತು. ಬಂದ ದಾರಿ ಅಲ್ಲಿ ಬರೆದಿಟ್ಟಂತೆ ಕಾಣುತ್ತಿತ್ತು: ಮಾಡಿನ ಮೇಲಿನ ಡಿಶ್, ಅದರ ಕೇಬಲ್, ಸೆಟ್‌ಟಾಪ್ ಬಾಕ್ಸ್, ಎಚ್‌ಡಿಎಂಐ, ಟಿವಿ, ಅಲ್ಲಿಂದ ಕರೆಂಟಿನ ವೈರು. ಫೇಸು, ನ್ಯೂಟ್ರಲ್ ಎರಡೂ ಒಟ್ಟಿಗೆ ಒಂದು ಮಟ್ಟದಲ್ಲಿದ್ದವು, ಡಿಶ್ ಕೇಬಲ್ ಬೇರೆ ಮಟ್ಟದಲ್ಲಿತ್ತು. ಫೇಸ್–ನ್ಯೂಟ್ರಲ್ ನಡುವೆ ಕೂತ ಬಿಲ್ಲೆಯ ಎರಡು ಕಾಲುಗಳ ಮಧ್ಯೆ ವ್ಯತ್ಯಾಸವೇ ಹೆಚ್ಚಾಗಲಿಲ್ಲ. ಅದಕ್ಕೆ ಕೆಲಸವೇ ಸಿಗಲಿಲ್ಲ.

ಸರ್ಜಿನಲ್ಲಿ ಸುಡಿಸುವುದು ಎತ್ತರವಲ್ಲ, ಎತ್ತರದ ವ್ಯತ್ಯಾಸ. ದೋಣಿ ಅಲೆಯ ಮೇಲೆ ಇಡಿಯಾಗಿ ಎದ್ದರೆ ಒಳಗಿನ ಬಿಂದಿಗೆ ಚೆಲ್ಲುವುದಿಲ್ಲ, ಒಂದು ಪಕ್ಕ ಮಾತ್ರ ಎದ್ದರೆ ಚೆಲ್ಲುತ್ತದೆ. ಕಂಪ್ಯೂಟರಿನ ನೆಟ್‌ವರ್ಕ್ ಪೋರ್ಟ್ ಹೋದದ್ದೂ ಹೀಗೆಯೇ. ಆ ಒಳ್ಳೆಯ ಬೋರ್ಡು ತನ್ನ ಮೂರು ತಂತಿಗಳನ್ನೂ ಹತ್ತಿರ ಹತ್ತಿರ ಹಿಡಿದಿತು, ಪವರ್ ಸಪ್ಲೈ ಉಳಿಯಿತು. ಆದರೆ ಅರ್ಥಿಗೆ ಹರಿದ ಕರೆಂಟು ಕೋಣೆಯಿಂದ ಜಗಲಿಯವರೆಗೆ 14 ಮೀಟರ್ ತಂತಿಯಲ್ಲಿ ಹೋಗಬೇಕಿತ್ತು. ನೇರ ತಂತಿಗೆ ಮೀಟರಿಗೆ ಸುಮಾರು 1 ಮೈಕ್ರೊಹೆನ್ರಿ ಇಂಡಕ್ಟನ್ಸ್, ಅಂದರೆ ಕರೆಂಟು ದಿಢೀರನೆ ಏರುವುದಕ್ಕೆ ತಂತಿ ಒಡ್ಡುವ ತಡೆ, ಇರುತ್ತದೆ. 500 ಆಂಪಿಯರ್ 8 ಮೈಕ್ರೊಸೆಕೆಂಡಿನಲ್ಲಿ ಏರಿತು ಎಂದಿಟ್ಟುಕೊಂಡರೆ ಆ ತಂತಿಯೊಂದರಲ್ಲೇ 875 ವೋಲ್ಟ್ ನಿಲ್ಲುತ್ತದೆ. ಇನ್ನು ಅರ್ಥ್ ಗುಂಡಿಯನ್ನು ಅಳೆದಾಗ 38 ಓಮ್ ಬಂತು. ಅದೇ 500 ಆಂಪಿಯರಿಗೆ 19,000 ವೋಲ್ಟ್. ಕಂಪ್ಯೂಟರ್ ಈ ಅರ್ಥಿನ ಜೊತೆ ಮೇಲೆದ್ದಿತು. ಇಂಟರ್ನೆಟ್ ಪೆಟ್ಟಿಗೆ ಇನ್ನೊಂದು ಕೋಣೆಯಲ್ಲಿ ಅರ್ಥೇ ಇಲ್ಲದೆ ಎರಡು ಪಿನ್ನಿನ ಅಡಾಪ್ಟರಿನಲ್ಲಿ ಕೂತಿತ್ತು. ಇವೆರಡನ್ನೂ ಕಟ್ಟಿದ್ದ ನೆಟ್‌ವರ್ಕ್ ಕೇಬಲ್ ವ್ಯತ್ಯಾಸವನ್ನೆಲ್ಲ ತಾನೇ ಹೊರಬೇಕಾಯಿತು.

ಫೈಬರ್ ಬಂದ ಮೇಲೆ ಆ ಕಡೆಯಿಂದ ಭಯವಿಲ್ಲ ಎಂದುಕೊಳ್ಳುತ್ತಾರೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯದು, ನಿಜ. ಕಂಬದಿಂದ ಮನೆಗೆ ಎಳೆಯುವ ಫೈಬರ್ ಕೇಬಲಿನ ಪಕ್ಕದಲ್ಲಿ ಮಾತ್ರ ಭಾರ ಹೊರಲು ಉಕ್ಕಿನ ತಂತಿ ಇರುತ್ತದೆ. ಇಲ್ಲಿ ಅದನ್ನು ಕಡಿಯದೆ ಗೋಡೆ ತೂತಿನಿಂದ ಒಳತಂದು, ಪೆಟ್ಟಿಗೆಯ ಹಿಂದೆ ಸುತ್ತಿಟ್ಟಿದ್ದರು.

ಎರಡನೆಯ ಮಳೆ

ಹೊಸ ಟಿವಿ ಬಂತು, ಇಂಟರ್ನೆಟ್ ಪೆಟ್ಟಿಗೆ ಬದಲಾಯಿತು. ಟಿವಿಯ ಬೋರ್ಡಿನ ಬಿಲ್ಲೆ ಗಟ್ಟಿಯಿದೆ ಎಂದು ಅದನ್ನೇ ಬೆಸೆದು ಹಾಗೇ ಬಳಸಿದರು. ಅದು ತಪ್ಪಾಯಿತು.

ಮೇ ಕೊನೆಯಲ್ಲಿ, ರೋಹಿಣಿ ಮಳೆಯ ಗಾಳಿಗೆ ಮರದ ಕೊಂಬೆ ಬಿದ್ದು ಲೈನಿನ ನ್ಯೂಟ್ರಲ್ ಮಾತ್ರ ಕಡಿಯಿತು. ಮೂರು ಫೇಸು ಹಾಗೇ ಇದ್ದವು. ನ್ಯೂಟ್ರಲ್ ಹಿಡಿತ ತಪ್ಪಿದರೆ, ಕಡಿದ ಜಾಗದಿಂದಾಚೆ ಇರುವ ಮನೆಗಳು ಎರಡು ಫೇಸಿನ ನಡುವಿನ 400 ವೋಲ್ಟನ್ನು ತಮ್ಮ ತಮ್ಮ ಲೋಡಿನ ಪ್ರಕಾರ ಹಂಚಿಕೊಳ್ಳುತ್ತವೆ. ಹೆಚ್ಚು ಲೋಡಿದ್ದ ಮನೆಗೆ ಕಡಿಮೆ ವೋಲ್ಟೇಜ್, ಕಡಿಮೆ ಲೋಡಿದ್ದ ಮನೆಗೆ ಹೆಚ್ಚು. ಈ ಮನೆಯಲ್ಲಿ ಬಲ್ಬುಗಳು ಕಣ್ಣು ಕುಕ್ಕುವಂತೆ ಉರಿದವು, ಫ್ಯಾನು ಬಿರುಸಾಯಿತು. ಟಿವಿ ಸ್ಟ್ಯಾಂಡಿನಿಂದ ಸುಟ್ಟ ವಾಸನೆ ಬಂದಾಗ ಮೇನ್ ಇಳಿಸಿದರು. ಆಮೇಲೆ ಮೀಟರಿನ ಬಾಯಲ್ಲಿ ಅಳೆದಾಗ ಇದ್ದದ್ದು 352 ವೋಲ್ಟ್.

ಎಸಿ ಕರೆಂಟು ಅಲೆಯಂತೆ ಏರಿಳಿಯುತ್ತದೆ, ಈ ವೋಲ್ಟೇಜಿನ ಅಲೆಯ ತುದಿ 498. ಬಿಲ್ಲೆ ಹರಿಸಲು ಶುರುಮಾಡುವುದು 470ರ ಸುಮಾರಿಗೆ. ಹಾಗಾಗಿ ಸೆಕೆಂಡಿಗೆ ನೂರು ಸಲ, ಪ್ರತಿ ಅರ್ಧ ಅಲೆಯ ತುದಿಯಲ್ಲೂ ಅದು ಬಾಗಿಲು ತೆರೆಯುತ್ತಿತ್ತು. ಸಿಡಿಲಿನ ಸರ್ಜ್ ಕಣ್ಣು ಮಿಟುಕಿಸುವುದರ ಸಾವಿರದ ಒಂದು ಪಾಲಿನಷ್ಟು ಹೊತ್ತಿನಲ್ಲಿ ಮುಗಿಯುತ್ತದೆ. ಇದು ನಿಮಿಷಗಟ್ಟಲೆ ನಡೆಯಿತು. 10 ಮಿಲಿಮೀಟರ್ ಬಿಲ್ಲೆ ನಿರಂತರವಾಗಿ ಹೊರಹಾಕಬಲ್ಲ ಶಾಖ 0.4 ವಾಟ್, 20ರದ್ದಾದರೂ 1 ವಾಟ್ ಅಷ್ಟೇ. ಬಿಲ್ಲೆ ಬಿಸಿಯಾದಷ್ಟೂ ಹೆಚ್ಚು ಹರಿಸುತ್ತದೆ, ಹೆಚ್ಚು ಹರಿಸಿದಷ್ಟೂ ಬಿಸಿಯಾಗುತ್ತದೆ. ಕೊನೆಗೆ ಶಾರ್ಟ್ ಆಗುತ್ತದೆ.

ಟಿವಿ ಬೋರ್ಡಿನ ಪ್ಲಾಸ್ಟಿಕ್ಕು ಐದು ರೂಪಾಯಿ ನಾಣ್ಯದಷ್ಟಗಲ ಕರಗಿ ತೂತಾಗಿ, ಕೆಳಗಿನ ಬಟ್ಟೆ ಕರಿದಾಗಿ, ಮರಕ್ಕೆ ಕಂದು ಬಳೆಯಂಥ ಗುರುತು ಬಿದ್ದಿತ್ತು. ಬೋರ್ಡಿನಲ್ಲಿ 6 ಆಂಪಿಯರಿನ ಓವರ್‌ಲೋಡ್ ಗುಂಡಿ ಇತ್ತು, ಅದು ಹಾರಲಿಲ್ಲ. ಹಾರುವ ಮಾತೂ ಇಲ್ಲ: ಬಿಲ್ಲೆಯನ್ನು ಕೆಂಡ ಮಾಡಲು 6 ಆಂಪಿಯರ್ ಬೇಕಿಲ್ಲ, ಅದರ ಸಣ್ಣದೊಂದು ಪಾಲು ಸಾಕು. ಗ್ರಾಹಕರು "ಫ್ಯೂಸ್ ಇದೆ" ಎಂದು ನಂಬುವ ಆ ಗುಂಡಿ ಬೇರೆ ಕೆಲಸಕ್ಕೆ ಇಟ್ಟದ್ದು.

ಅದೇ ಹೊತ್ತಿಗೆ ಕಂಪ್ಯೂಟರಿನ ಬೋರ್ಡಿನಲ್ಲಿ ಬಿಲ್ಲೆ ಬಿಸಿಯಾಗಿ, ಮೈಗಂಟಿದ ಥರ್ಮಲ್ ಫ್ಯೂಸ್ ಕಡಿಯಿತು. ಹಸಿರು ದೀಪ ಆರಿತು. ಹೊಗೆಯಿಲ್ಲ, ಗುರುತಿಲ್ಲ. ಎರಡು ಬೋರ್ಡುಗಳ ಗುಣದ ಅಂತರ ಇರುವುದು ಇಲ್ಲಿ. ಎಂಒವಿ ಒಂದಲ್ಲ ಒಂದು ದಿನ ಸಾಯುವ ಭಾಗ. ದೊಡ್ಡ ಸರ್ಜ್ ನುಂಗಿದಾಗಲೆಲ್ಲ ಅದರ ವೋಲ್ಟೇಜ್ ಜಾರುತ್ತದೆ, ಮೂಲಕ್ಕಿಂತ ಶೇ 10ರಷ್ಟು ಜಾರಿತೆಂದರೆ ಆಯುಸ್ಸು ಮುಗಿದಂತೆ. ಅದು ಸಾಯುವಾಗ ಮನೆಗೆ ಬೆಂಕಿ ಹತ್ತದಂತೆ, ಸತ್ತದ್ದು ಮನೆಯವರಿಗೆ ತಿಳಿಯುವಂತೆ ಮಾಡಿದವನು ಮಾತ್ರ ಒಳ್ಳೆಯ ತಯಾರಕ.

ಥರ್ಮಲ್ ಫ್ಯೂಸನ್ನು ಎಲ್ಲಿ ಇಡುತ್ತಾರೆ ಎಂಬುದೂ ಒಂದು ಆಯ್ಕೆ. ಈ ಬೋರ್ಡಿನಲ್ಲಿ ಅದು ಬಿಲ್ಲೆಗಳ ಸಾಲಿನಲ್ಲಿ ಮಾತ್ರ ಇತ್ತು. ಕಡಿದ ಮೇಲೂ ಸಾಕೆಟ್ಟಿಗೆ 352 ವೋಲ್ಟ್ ಹೋಗುತ್ತಲೇ ಇತ್ತು. ಕಂಪ್ಯೂಟರಿನ ಸ್ವಿಚ್ಚು ಇಳಿಸಿದ್ದರಿಂದ ಬಚಾವಾಯಿತು. ಕೆಲವು ತಯಾರಕರು ಫ್ಯೂಸನ್ನು ಲೋಡಿನ ದಾರಿಯಲ್ಲೇ ಇಡುತ್ತಾರೆ. ರಕ್ಷಣೆ ಹೋದರೆ ಸಾಕೆಟ್ಟೂ ಸಾಯುತ್ತದೆ. ಮನೆಬಳಕೆಗೆ ಈ ಎರಡನೆಯದೇ ಮೇಲು. ಆರಿದ ದೀಪವನ್ನು ಟೇಬಲಿನ ಕೆಳಗೆ ಬಗ್ಗಿ ನೋಡುವವರು ಯಾರಿದ್ದಾರೆ?

ಹೊಸ ಇಂಟರ್ನೆಟ್ ಅಡಾಪ್ಟರ್ ಮತ್ತೆ ಸತ್ತಿತು. ಅದರೊಳಗಿನ 400 ವೋಲ್ಟಿನ ಕೆಪಾಸಿಟರ್ 498ರ ತುದಿಗೆ ಉಬ್ಬಿ ಒಡೆದಿತ್ತು. ಫ್ರಿಜ್ ಈ ಸಲವೂ ಉಳಿಯಿತು, ಸ್ಟೆಬಿಲೈಸರಿನ ಹೈ ಕಟ್ (ವೋಲ್ಟೇಜ್ ಹೆಚ್ಚಾದರೆ ಕರೆಂಟ್ ಕಡಿಯುವ ಏರ್ಪಾಡು) ಕೆಲಸ ಮಾಡಿತ್ತು. ಹಾಗೆಂದು ಸ್ಟೆಬಿಲೈಸರ್ ಸಿಡಿಲಿಗೆ ಮದ್ದಲ್ಲ. ಅದರ ರಿಲೇ ಎಚ್ಚರಗೊಳ್ಳುವ ಮೊದಲೇ ಸರ್ಜ್ ಬಂದು ಹೋಗಿರುತ್ತದೆ.

ಬೋರ್ಡು ಕರಗುವುದು ಕಳಪೆ ಮಾಲಿನಲ್ಲಿ ಮಾತ್ರ ಎಂದೂ ಅಲ್ಲ. 2013ರ ಅಕ್ಟೋಬರಿನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಎಪಿಸಿ ಹೆಸರಿನ 7 ಮತ್ತು 8ನೇ ಸರಣಿಯ ಸರ್ಜ್ ಪ್ರೊಟೆಕ್ಟರುಗಳ ವಾಪಸಾತಿ ಪ್ರಕಟಿಸಿತು. ಎಲ್ಲವೂ 2003ಕ್ಕೆ ಮೊದಲು ತಯಾರಾದವು, ಸುಮಾರು 1.5 ಕೋಟಿ. ಬಿಸಿಯಾಗಿ ಕರಗಿದ ಬಗ್ಗೆ 700 ವರದಿಗಳು ಬಂದಿದ್ದವು. ಹತ್ತು ವರ್ಷ ಹಳೆಯ ಬೋರ್ಡು ಮನೆಯ ಮೂಲೆಯಲ್ಲಿದ್ದರೆ ಅದನ್ನು ನೆನೆದು ತೆಗೆದುಹಾಕಬೇಕು. ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ತರುವ ಸರ್ಜ್ ಬೋರ್ಡುಗಳ ವಿಷಯ ಇನ್ನೂ ಬೇರೆ. ಅವು 120 ವೋಲ್ಟಿಗೆ ಮಾಡಿದವು. ಒಳಗೆ 130 ಅಥವಾ 150 ವೋಲ್ಟಿನ ಬಿಲ್ಲೆ ಇರುವುದು ಸಾಮಾನ್ಯ. ಪಿನ್ ಬದಲಿಸುವ ಅಡಾಪ್ಟರ್ ಸಿಕ್ಕಿಸಿ ನಮ್ಮ 230 ವೋಲ್ಟಿಗೆ ಹಾಕಿದ ಕ್ಷಣವೇ ಬಿಲ್ಲೆ ಸಿಡಿಯುತ್ತದೆ.

ಸರಿಪಡಿಸಿದ ಬಗೆ

ಮೊದಲು ಅರ್ಥ್. ಅಂಗಳದ ಮೂಲೆಯ ಒಣ ಜಂಬಿಟ್ಟಿಗೆ ಬಿಟ್ಟು, ಬಚ್ಚಲ ನೀರು ಬಾಳೆಬುಡಕ್ಕೆ ಹರಿಯುವ ಕಡೆ 3 ಮೀಟರ್ ಉದ್ದದ ತಾಮ್ರ ಲೇಪಿತ ಸರಳು ಎರಡನ್ನು ಇಳಿಸಿದರು. ನಡುವೆ ಅಂತರ ಸರಳಿನ ಉದ್ದಕ್ಕಿಂತ ಕಡಿಮೆಯಿರಬಾರದೆಂದು 3.5 ಮೀಟರ್ ಬಿಟ್ಟರು. ಉಪ್ಪು ಸುರಿಯಲಿಲ್ಲ, ಮಲೆನಾಡಿನ ಮಳೆಗೆ ಅದು ತೊಳೆದುಹೋಗುತ್ತದೆ, ಇರುವಷ್ಟು ದಿನ ಲೋಹ ತಿನ್ನುತ್ತದೆ. ಬದಲಿಗೆ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿ ತುಂಬಿದರು. ಹಳೆಯ ಗುಂಡಿಯನ್ನೂ ಇದಕ್ಕೇ ಜೋಡಿಸಿ ಅಳೆದಾಗ 38 ಇದ್ದದ್ದು 12 ಓಮಿಗೆ ಇಳಿಯಿತು. ಇನ್ನೂ ಕಡಿಮೆಯಾದರೆ ಒಳ್ಳೆಯದೇ. ಆದರೆ ಕಲ್ಲುನೆಲದಲ್ಲಿ ಓಮಿನ ಹಿಂದೆ ಓಡುವುದಕ್ಕಿಂತ ಮನೆಗೆ ಬರುವ ಎಲ್ಲ ಲೋಹವನ್ನೂ ಒಂದೇ ಅರ್ಥಿಗೆ ಕಟ್ಟುವುದು ಹೆಚ್ಚು ಫಲ ಕೊಡುತ್ತದೆ.

ಎರಡನೆಯದು, ಮೀಟರ್ ಬೋರ್ಡಿನಲ್ಲಿ ಎಸ್‌ಪಿಡಿ, ಅಂದರೆ ಇಡೀ ಮನೆಗೆ ಸರ್ಜ್ ತಡೆಯುವ ಸಾಧನ. ಐಇಸಿ 61643-11 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಟೈಪ್ 2 (ಲೈನಿನಲ್ಲಿ ಬರುವ ಸರ್ಜಿಗೆ ಮೀಟರ್ ಬೋರ್ಡಿನಲ್ಲಿ ಕೂರುವ ದರ್ಜೆ), ಸಿಂಗಲ್ ಫೇಸಿಗೆ 1+1 ಜೋಡಣೆ: ಫೇಸ್–ನ್ಯೂಟ್ರಲ್ ನಡುವೆ ಎಂಒವಿ, ನ್ಯೂಟ್ರಲ್–ಅರ್ಥ್ ನಡುವೆ ಗ್ಯಾಸ್ ಟ್ಯೂಬ್ (ವೋಲ್ಟೇಜ್ ಏರಿದಾಗ ಮಾತ್ರ ಕರೆಂಟ್ ಹರಿಸುವ ಅನಿಲ ತುಂಬಿದ ಕೊಳವೆ). ಮನೆಗೆ ಸ್ವಂತ ಅರ್ಥ್ ಗುಂಡಿ ಇರುವ ನಮ್ಮ ಪದ್ಧತಿಗೆ ಇದು ಸರಿಹೊಂದುತ್ತದೆ. ಎಂಒವಿಯ ಮೂಲಕ ಅರ್ಥಿಗೆ ಸದಾ ಜಿನುಗುವ ಸೋರಿಕೆ ಇರುವುದಿಲ್ಲ. ಲೇಬಲಿನಲ್ಲಿ ನೋಡಿದ್ದು ಇವನ್ನು: ನಿರಂತರ ವೋಲ್ಟೇಜ್ ಯುಸಿ 320, ನಾಮಿನಲ್ ಕರೆಂಟ್ ಐಎನ್ 20 ಕಿಲೋಆಂಪಿಯರ್, ಐಮ್ಯಾಕ್ಸ್ 40, ಹಿಡಿತದ ಮಟ್ಟ ಯುಪಿ 1.5 ಕಿಲೋವೋಲ್ಟ್. ಐಮ್ಯಾಕ್ಸ್ ಒಂದನ್ನೇ ದೊಡ್ಡದಾಗಿ ಅಚ್ಚುಹಾಕಿ ಐಎನ್, ಯುಪಿ ಮುಚ್ಚಿಟ್ಟ ಮಾಲನ್ನು ಮುಟ್ಟಬಾರದು. ಐಎನ್ ಎಂದರೆ ಪರೀಕ್ಷೆಯಲ್ಲಿ 15 ಹೊಡೆತ ತಾಳಿದ ಕರೆಂಟು, ನಂಬಬೇಕಾದ ಅಂಕಿ ಅದು. ಮನೆಯ ಮೇಲೆ ಮಿಂಚುಕಂಬಿ ಇದ್ದಿದ್ದರೆ ನೇರ ಸಿಡಿಲಿನ ಕರೆಂಟಿಗೆಂದೇ ಮಾಡಿದ ಟೈಪ್ 1 ಬೇಕಾಗುತ್ತಿತ್ತು.

ಕೂರಿಸುವಾಗ ಒಂದು ಎಡವಟ್ಟಾಯಿತು. ಬಾಕ್ಸಿನೊಳಗೆ ಜಾಗವಿಲ್ಲವೆಂದು ಎಸ್‌ಪಿಡಿಯನ್ನು ಪಕ್ಕದ ಡಬ್ಬಿಯಲ್ಲಿಟ್ಟು, 1.2 ಮೀಟರ್ ತಂತಿಯನ್ನು ಚಂದಕ್ಕೆ ಸುರುಳಿ ಸುತ್ತಿ ಜೋಡಿಸಿದ್ದರು. 10 ಕಿಲೋಆಂಪಿಯರ್ ಸರ್ಜಿಗೆ ನೇರ ತಂತಿಯಲ್ಲೇ ಮೀಟರಿಗೆ ಸಾವಿರ ವೋಲ್ಟ್ ದಾಟುತ್ತದೆ, ಸುರುಳಿಯಾದರೆ ಇನ್ನೂ ಹೆಚ್ಚು. ಅಂದರೆ 1.5 ಕಿಲೋವೋಲ್ಟಿನ ಎಸ್‌ಪಿಡಿ ಮನೆಗೆ ಕೊಡುವುದು 3 ಕಿಲೋವೋಲ್ಟ್. ಟಿವಿ, ಫ್ರಿಜ್‌ನಂಥ ಉಪಕರಣ ತಾಳಬೇಕೆಂದು ಮಾನಕ ಹೇಳುವುದು 2.5. ಡಬ್ಬಿ ಕಿತ್ತು, ಮೇನ್ ತಂತಿಯನ್ನೇ ಎಸ್‌ಪಿಡಿಯ ಟರ್ಮಿನಲ್ಲಿಗೆ ತಂದು ಅಲ್ಲಿಂದ ಮುಂದಕ್ಕೆ ಒಯ್ದರು. ಅರ್ಥ್ ಕಡೆಗೆ 6 ಚದರ ಮಿಲಿಮೀಟರ್ ತಾಮ್ರ. ಒಟ್ಟು ಉದ್ದ 35 ಸೆಂಟಿಮೀಟರಿಗೆ ನಿಂತಿತು. ಅರ್ಧ ಮೀಟರ್ ದಾಟಬಾರದು. ಆರ್‌ಸಿಸಿಬಿ (ಅರ್ಥಿಗೆ ಕರೆಂಟ್ ಸೋರಿದರೆ ಕಡಿಯುವ ಸ್ವಿಚ್ಚು) ಬರುವುದು ಎಸ್‌ಪಿಡಿ ಆದ ಮೇಲೆ.

ಅದರ ಮುಂದೆ ಓವರ್‌ವೋಲ್ಟೇಜ್ ಪ್ರೊಟೆಕ್ಟರ್: 270 ವೋಲ್ಟ್ ದಾಟಿದರೆ ಇಡೀ ಮನೆ ಕಟ್, ಸರಿಯಾದ ಮೇಲೆ 3 ನಿಮಿಷ ಕಾದು ಮತ್ತೆ ಆನ್. ನ್ಯೂಟ್ರಲ್ ಕಡಿದಾಗ ಇಡೀ ಮನೆಗೆ ಇರುವ ಮದ್ದು ಇದು. ಎಷ್ಟು ದುಬಾರಿ ಸ್ಪೈಕ್ ಗಾರ್ಡ್ ತಂದರೂ ಅದು ಈ ಕೆಲಸ ಮಾಡುವುದಿಲ್ಲ.

ಡಿಶ್ಶಿನ ಕಂಬ, ಕೇಬಲ್ ಒಳಬರುವಲ್ಲಿ ಹಾಕಿದ ಗ್ರೌಂಡಿಂಗ್ ಬ್ಲಾಕ್ ಎರಡನ್ನೂ ಅದೇ ಅರ್ಥಿಗೆ ಕಟ್ಟಿದರು. ಡಿಶ್ಶಿಗೆ ಬೇರೆ ಗುಂಡಿ ತೋಡೋಣ ಎಂಬ ಸಲಹೆ ಬಂದಿತ್ತು. ಅದು ಎರಡು ಎತ್ತರಗಳನ್ನು ಮತ್ತೆ ಸೃಷ್ಟಿಸುತ್ತದೆ, ಕೈಬಿಟ್ಟರು. ಫೈಬರಿನ ಉಕ್ಕಿನ ತಂತಿಯನ್ನು ಹೊರಗೋಡೆಯ ಕೊಕ್ಕೆಯಲ್ಲೇ ಕಡಿದರು. ಇಂಟರ್ನೆಟ್ ಪೆಟ್ಟಿಗೆಯನ್ನು ಕಂಪ್ಯೂಟರಿನ ಪಕ್ಕಕ್ಕೆ ತಂದು, ಎರಡನ್ನೂ ಒಂದೇ ಬೋರ್ಡಿಗೆ ಹಾಕಿ, ನೆಟ್‌ವರ್ಕ್ ಕೇಬಲನ್ನು ಒಂದು ಮೀಟರಿಗೆ ಇಳಿಸಿದರು.

ಕೋಣೆಯ ಬೋರ್ಡುಗಳು ಬೇಡವಾಗಲಿಲ್ಲ. ಮೀಟರಿನ ಎಸ್‌ಪಿಡಿಯಿಂದ 10 ಮೀಟರಿಗಿಂತ ದೂರದ ಸಾಕೆಟ್ಟಿನಲ್ಲಿ ವೋಲ್ಟೇಜ್ ಮತ್ತೆ ಏರಬಹುದು. ಅಲ್ಲಿಗೆ ಟೈಪ್ 3 (ಉಪಕರಣದ ಪಕ್ಕದಲ್ಲಿ ಬಳಸುವ ದರ್ಜೆ) ಎಂದು ಬರೆದ, ಮೂರೂ ದಾರಿಗೆ ರಕ್ಷಣೆಯಿರುವ, ಥರ್ಮಲ್ ಫ್ಯೂಸಿನ, ಬೇರೆ ರಕ್ಷಣಾ ದೀಪದ ಬೋರ್ಡುಗಳನ್ನು ತಂದರು. ದೊಡ್ಡ ಹೊಡೆತವನ್ನು ಜಗಲಿಯಲ್ಲೇ ತಡೆಯುವುದರಿಂದ ಇವುಗಳ ಬಿಲ್ಲೆಗಳು ಬಹಳ ಕಾಲ ಬಾಳುತ್ತವೆ. ಅಡುಗೆಮನೆಯ ಹಳೆಯ ಎರಡು ಪಿನ್ನಿನ ಸಾಕೆಟ್ಟಿಗೆ ಯಾವ ಬೋರ್ಡನ್ನೂ ಹಾಕಲಿಲ್ಲ. ಅರ್ಥ್ ಇಲ್ಲದ ಕಡೆ ಮೂರು ಬಿಲ್ಲೆಗಳಲ್ಲಿ ಎರಡಕ್ಕೆ ದಾರಿಯೇ ಇಲ್ಲ. ಮೇಲಾಗಿ ಅವು ಸೋರಿದರೆ ಉಪಕರಣದ ಲೋಹದ ಮೈ ಕೈಗೆ ಹೊಡೆಯುತ್ತದೆ.

ಎಸ್‌ಪಿಡಿಯ ಕಿಟಕಿ ಹಸಿರಿದ್ದರೆ ಸರಿ, ಕೆಂಪಾದರೆ ಆ ಕಾರ್ಟ್ರಿಜ್ ಎಳೆದು ಅದೇ ಅಂಕಿಯದ್ದು ಹಾಕಬೇಕು. ನೋಡುವ ದಿನ ಗೊತ್ತುಮಾಡಿಕೊಂಡಿದ್ದಾರೆ: ವರ್ಷಕ್ಕೆರಡು ಸಲ, ಅಶ್ವಿನಿ ಮಳೆಗೆ ಮೊದಲು ಮತ್ತು ಗುಡುಗಿನ ಹಿಂಗಾರಿಗೆ ಮೊದಲು. ಅಶ್ವಿನಿಗೆ ಮುಂಚೆ, ನೆಲ ತೀರಾ ಒಣಗಿರುವಾಗಲೇ ಅರ್ಥಿನ ಓಮನ್ನೂ ಅಳೆದು ಮೀಟರ್ ಬಾಗಿಲ ಒಳಮೈಯಲ್ಲಿ ತಾರೀಖಿನೊಂದಿಗೆ ಬರೆಯುತ್ತಾರೆ. ಮಳೆಗಾಲದ ನಡುವೆ ಅಳೆದರೆ ಎಂಥ ಗುಂಡಿಯೂ ಒಳ್ಳೆಯದೇ ಕಾಣುತ್ತದೆ.